ಅಚ್ಚೇರು ಗಾಡಿಯ ಶಾಂತಮಲ್ಲಪ್ಪ

ಶಾಂತಮಲ್ಲಪ್ಪನವರ ಬಾಯಿಂದ ‘ಒಂದು’ ಎಂಬ ಸಂಖ್ಯೆ ಹೊರಟದ್ದನ್ನು ನಾನು ಕೇಳಿದವನಲ್ಲ. ಗುಂಡ್ಲುಪೇಟೆಯ ದವಸದ ಪೇಟೆಯಲ್ಲಿ ಅಳೆಯುವವರೆಲ್ಲರೂ ಮೊದಲ ಅಳತೆಯನ್ನು ‘ಲಾಭ’ ಎಂದು ಕರೆದು, ಆಮೇಲೆ ಎರಡು, ಮೂರು ಎಂದು ಮುಂದುವರಿಯುವುದು ಆಗಿನ ವಾಡಿಕೆ. ರಾಶಿಯ ಮುಂದೆ ಕುಳಿತು ಒಂಟಿ ಸಂಖ್ಯೆಯನ್ನು ಉಚ್ಚರಿಸಿದರೆ ಲಕ್ಷ್ಮಿ ಮುನಿಯುತ್ತಾಳೆಂಬುದು ಅವರ ನಂಬಿಕೆ. ಆದರೆ ಮಿಕ್ಕ ಅಳತೆಗಾರರು ರಾಶಿಯಿಂದ ಎದ್ದು ಪಂಚೆಯ ಹೊಟ್ಟನ್ನು ಕೊಡವಿಕೊಳ್ಳುವಾಗಲೇ ಆ ನೇಮವನ್ನೂ ಕೊಡವಿಬಿಡುತ್ತಿದ್ದರು. ಶಾಂತಮಲ್ಲಪ್ಪನವರಿಗೆ ಅದು ಮೈಗಂಟಿದ ವ್ರತ. ಮಧ್ಯಾಹ್ನ ಗಂಟೆ ಎಷ್ಟೆಂದು ಕೇಳಿದರೆ ‘ಲಾಭದ ಗಂಟೆ’ ಎನ್ನುತ್ತಿದ್ದರು. ಹೋಟೆಲಿನಲ್ಲಿ ‘ಲಾಭ ಲೋಟ ಕಾಫಿ’ ಕೇಳುತ್ತಿದ್ದರು. ಒಂದೂವರೆ ಎನ್ನಬೇಕಾದ ಕಡೆ ‘ಲಾಭದ ಮೇಲೆ ಅರ್ಧ’ ಎಂದು ಗಂಭೀರವಾಗಿ ಹೇಳುತ್ತಿದ್ದರು. ನಾನು ಆ ಊರಿನ ಮಾಧ್ಯಮಿಕ ಶಾಲೆಗೆ ಮೇಷ್ಟ್ರಾಗಿ ಬಂದು ಅವರ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದ ದಿನ, ಲೋಕಾಭಿರಾಮವಾಗಿ ಮಕ್ಕಳೆಷ್ಟೆಂದು ಕೇಳಿದ್ದೆ. “ಲಾಭನೂ ಇಲ್ಲ ಬುಡಿ ಮೇಷ್ಟ್ರೇ” ಎಂದರು. ಆ ಮಾತಿನ ಭಾರ ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

ಆಳು ಎತ್ತರ, ಮೈ ಸಣಕಲು. ವರ್ಷಗಟ್ಟಲೆ ಬಲಮೊಣಕಾಲೂರಿ ಕುಳಿತು ಅಳೆದದ್ದರಿಂದ ಎಡಹೆಗಲು ಕೊಂಚ ಜಗ್ಗಿತ್ತು. ನಡೆಯುವಾಗ ತುಂಬಿದ ಪಾವನ್ನು ಚೆಲ್ಲದಂತೆ ಹಿಡಿದವರ ಹಾಗೆ ಬಲಗೈಯನ್ನು ಮೈಯಿಂದ ಅಷ್ಟು ದೂರ ನಿಲ್ಲಿಸಿಕೊಂಡು ನಡೆಯುತ್ತಿದ್ದರು. ಬೇಸಿಗೆಯಿರಲಿ, ಸೋನೆಯಿರಲಿ, ಕತ್ತಿನವರೆಗೆ ಗುಂಡಿ ಹಾಕಿದ ಕರಿಯ ಕೋಟಿಲ್ಲದೆ ಅವರು ಮನೆಯಿಂದ ಹೊರಡುತ್ತಿರಲಿಲ್ಲ. ಅದರ ಜೇಬುಗಳಲ್ಲಿ ಆಯಾ ಸುಗ್ಗಿಯ ಬೆಳೆ ಏನೋ ಅದರ ಕಾಳು ಸದಾ ಸೇರಿಕೊಂಡಿರುತ್ತಿತ್ತು. ಕೋಟನ್ನು ಜಗಲಿಯ ಮೊಳೆಗೆ ತಗುಲಿಸಿದರೆ ಗುಬ್ಬಿಗಳು ಬಂದು ಜೇಬಿಗೆ ಇಣುಕುತ್ತಿದ್ದವು. ಒಂದು ಮಳೆಗಾಲದಲ್ಲಿ ಎಡಜೇಬಿನೊಳಗೆ ಹುರುಳಿ ಮೊಳಕೆಯೊಡೆದು, ಅವರ ಹೆಂಡತಿ ಗಂಗಾಂಬಿಕೆಯವರು ಅದನ್ನು ತೆಗೆದು ಸಾರಿಗೆ ಹಾಕಿದರೆಂದು ಬೀದಿಯೆಲ್ಲ ನಕ್ಕಿತು. ಸಾರು ಚೆನ್ನಾಗಿತ್ತು, ನಾನೂ ಉಂಡಿದ್ದೇನೆ.

ಇನ್ನೊಂದು ಹಟ ಕೊಸರಿನದು. ಅಳೆದು ಮುಗಿಸಿದ ಮೇಲೆ ಕೊಳ್ಳುವವನ ಚೀಲಕ್ಕೆ ಒಂದು ಬೊಗಸೆ ಹೆಚ್ಚಿಗೆ ಹಾಕುವುದು ಎಲ್ಲರೂ ಮಾಡುವ ಉಪಚಾರ. ಶಾಂತಮಲ್ಲಪ್ಪನವರು ಅದನ್ನು ಮಾತಿಗೂ ವಿಸ್ತರಿಸಿದ್ದರು. ನಮಸ್ಕಾರ ಹೇಳಿ, ಮೆಟ್ಟು ಮೆಟ್ಟಿ, ಬೀದಿಯ ತಿರುವಿನವರೆಗೆ ಹೋದವರು ಮತ್ತೆ ಹಿಂದಿರುಗಿ ಬಂದು, “ಕೊಸ್ರು ಮಾತು ಮರ್ತಿದ್ದೆ” ಎಂದು ಇನ್ನೊಂದು ವಾಕ್ಯ ಹೇಳಿ ಹೋಗುತ್ತಿದ್ದರು. ಆ ವಾಕ್ಯದಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ, ಕೊಡಬೇಕಾದದ್ದಷ್ಟನ್ನೇ ಕೊಟ್ಟು ಹೋಗುವುದು ಅವರಿಗೆ ಆಗುತ್ತಿರಲಿಲ್ಲ, ಅಷ್ಟೇ. ಪೇಟೆಯ ಕೆಲವು ಮಂಡಿಗಳಲ್ಲಿ ಕೊಳ್ಳುವ ಸೇರು ಬೇರೆ, ಮಾರುವ ಸೇರು ಬೇರೆ ಎಂದು ಜನ ಆಡಿಕೊಳ್ಳುತ್ತಿದ್ದ ಕಾಲ ಅದು. ಇವರದು ಅಪ್ಪನ ಕಾಲದಿಂದ ಬಂದ ಒಂದೇ ಜೊತೆ ಕಬ್ಬಿಣದ ಅಳತೆಗಳು: ಪಾವು, ಎರಡು ಪಾವಿನ ಅಚ್ಚೇರು, ಎರಡು ಅಚ್ಚೇರಿನ ಸೇರು. ಕೊಳ್ಳಲಿಕ್ಕೂ ಅದೇ, ಮಾರಲಿಕ್ಕೂ ಅದೇ. ಹಂಗಳದ ಕಡೆಯ ರೈತರು ಬೇರೆ ಅಳತೆಗಾರರು ಖಾಲಿ ಕುಳಿತಿದ್ದರೂ ಇವರಿಗಾಗಿ ಗಾಡಿಯ ನೆರಳಿನಲ್ಲಿ ಕಾಯುತ್ತಿದ್ದರು. ಸಿಟ್ಟು ಬಂದಾಗ ಇವರು ಬೈಯುತ್ತಿದ್ದ ಬೈಗುಳವೂ ಒಂದೇ, ‘ಅಳ್ತೆ ಕಮ್ಮಿ ನನ್ಮಗ’ ಎಂಬುದು.

ಇಂಥವರ ಕೈಗೆ ಮೋಟಾರು ಸೈಕಲ್ಲು ಬಂದದ್ದು ಗಂಗಾಂಬಿಕೆಯವರ ದೆಸೆಯಿಂದ. ಅವರು ಮೈಸೂರಿನಲ್ಲಿ ಹೆರಿಗೆಯ ತರಬೇತಿ ಪಡೆದು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವರು. ಸುತ್ತಿನ ಹಳ್ಳಿಗಳಿಗೆಲ್ಲ ‘ನರ್ಸಮ್ಮ’. ತುಂಬಿದ ಮೈ, ಚುರುಕಾದ ನಾಲಗೆ, ಮೆತ್ತನೆಯ ಕೈ. ಹುಂಡಿಗಳೆಂದು ಕರೆಯುವ ಕಾಡಂಚಿನ ಸಣ್ಣ ಹಳ್ಳಿಗಳಿಂದ ಕರೆ ಬಂದರೆ ಎತ್ತಿನ ಗಾಡಿಯಲ್ಲಿ ಅರ್ಧ ದಿನ ಕುಲುಕಿಕೊಂಡು ಹೋಗಬೇಕಾಗಿತ್ತು. ಎರಡನೆಯ ಮಹಾಯುದ್ಧ ಮುಗಿದು ಕೆಲವು ವರ್ಷಗಳ ಮೇಲೆ ಸೈನ್ಯದವರು ಹರಾಜು ಹಾಕಿದ್ದ ಗಾಡಿಗಳಲ್ಲೊಂದು ಕೈಯಿಂದ ಕೈಗೆ ದಾಟಿ ಚಾಮರಾಜನಗರಕ್ಕೆ ಬಂದಾಗ ಶಾಂತಮಲ್ಲಪ್ಪನವರು ಅದನ್ನು ಕೊಂಡರು. ಹೆಣ್ಣುಮಗಳು ಗಂಡನ ಬೆನ್ನಿಗೆ ಆತು ಕುಳಿತು ಪೇಟೆಯ ನಡುವೆ ಹೋಗುವುದನ್ನು ಆ ಕಾಲ ಒಪ್ಪುತ್ತಿರಲಿಲ್ಲ. ಅದಕ್ಕೆಂದು ಗಾಡಿಯ ಪಕ್ಕಕ್ಕೆ ಒಂದು ಚಕ್ರದ ತಗಡಿನ ಪೆಟ್ಟಿಗೆಯನ್ನು ಜೋಡಿಸಿ, ಒಳಗೆ ಹತ್ತಿಯ ಮೆತ್ತೆ ಹಾಸಿಸಿದರು. ಜನ ಅದಕ್ಕೆ ‘ತೊಟ್ಟಿಲು’ ಎಂದು ಹೆಸರಿಟ್ಟರು. ನರ್ಸಮ್ಮನವರು ಮಡಿಲಲ್ಲಿ ಚೀಲವಿಟ್ಟುಕೊಂಡು, ತಲೆಯ ಮೇಲೆ ಸೆರಗು ಹೊದ್ದು, ತೊಟ್ಟಿಲಲ್ಲಿ ಕುಳಿತು ಹೊರಟರೆ ಅಂಗಡಿಯವರು ತಕ್ಕಡಿ ನಿಲ್ಲಿಸಿ ನೋಡುತ್ತಿದ್ದರು.

ಗಾಡಿಯ ಇಂಜಿನು ಮುನ್ನೂರೈವತ್ತು ಸೀಸಿಯದು. ಸೀಸಿ ಎಂದರೇನೆಂದು ಅವರು ನನ್ನನ್ನು ಕೇಳಿದರು. ಇಂಜಿನಿನ ಒಳಗೆ ಪಿಸ್ಟನ್ನು ಒಂದು ಸಲ ಕೆಳಗಿಳಿದಾಗ ಎಷ್ಟು ಜಾಗ ತೆರವಾಗುತ್ತದೋ ಆ ಅಳತೆ, ಹೆಚ್ಚು ಜಾಗವಾದರೆ ಹೆಚ್ಚು ಉಸಿರು, ಹೆಚ್ಚು ಉಸಿರಾದರೆ ಹೆಚ್ಚು ಬಲ ಎಂದು ನನಗೆ ತಿಳಿದಷ್ಟು ಹೇಳಿದೆ. “ಅಂಗಾರೆ ಒಟ್ಟೆ ಅನ್ನಿ. ನಮ್ ಪಾವಿನಾಗ ಎಷ್ಟಾಯ್ತದ?” ಎಂದರು. ಅವರ ಪಾವು ಕಾಲು ಲೀಟರಿಗೆ ಹತ್ತಿರವಿತ್ತು. ಲೆಕ್ಕ ಹಾಕಿ, ಒಂದೂವರೆ ಪಾವಿಗೆ ಸ್ವಲ್ಪ ಕಮ್ಮಿ ಎಂದೆ. ಅವರ ಮುಖ ಸಪ್ಪಗಾಯಿತು. “ಕಮ್ಮಿನಾ?” ಎಂದು ಕೇಳಿ, ಗಾಡಿಯ ಹೊಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿದರು. ಅವತ್ತಿನಿಂದ ಅದು ಅವರ ಪಾಲಿಗೆ ‘ಲಾಭದ ಮೇಲೆ ಅರ್ಧ ಪಾವಿನ ಗಾಡಿ, ಕೊಂಚ ಕಮ್ಮಿ’.

ಹಂಗಳ ದಾಟಿ ಬೆಟ್ಟದ ಕಡೆ ತಿರುಗಿದರೆ ಏರಿನಹುಂಡಿ ಎಂಬ ಹತ್ತಿಪ್ಪತ್ತು ಗುಡಿಸಲುಗಳ ಕೇರಿ. ಅದಕ್ಕೆ ಹೋಗುವ ಗಾಡಿಜಾಡಿನ ನಡುವೆ ಒಂದು ದಿಣ್ಣೆ ಅಡ್ಡ ಮಲಗಿದೆ; ಎಷ್ಟೋ ಗಾಡಿಗಳ ನೊಗ ಮುರಿದದ್ದರಿಂದ ನೊಗಮುರಿ ದಿಣ್ಣೆ ಎಂದೇ ಅದರ ಹೆಸರು. ಒಂದು ಮುಂಜಾನೆ ಆ ಕೇರಿಯ ಪುಟ್ಟಮಾದು ಎಂಬ ಕೂಲಿಯ ಆಳು ಓಡಿಬಂದು, ಹೆಂಡತಿ ಮಲ್ಲಿಗಮ್ಮನಿಗೆ ರಾತ್ರಿಯಿಂದ ನೋವೆಂದು ನರ್ಸಮ್ಮನ ಬಾಗಿಲಲ್ಲಿ ನಿಂತ. ಕೂಡಲೇ ಹೊರಟರು. ಗಾಡಿ ಹಂಗಳದವರೆಗೆ ಕುದುರೆಯಂತೆ ಓಡಿತು. ದಿಣ್ಣೆಯ ಅರ್ಧಕ್ಕೆ ಅದರ ಉಸಿರು ಸಣ್ಣದಾಯಿತು. ಮೂರು ಜನರ ಭಾರ, ತೊಟ್ಟಿಲ ಭಾರ, ಸಡಿಲು ಮಣ್ಣು. ಪುಟ್ಟಮಾದುವೂ ಶಾಂತಮಲ್ಲಪ್ಪನವರೂ ತಳ್ಳಿದರು, ನಿಲ್ಲಿಸಿ ಆರಿಸಿದರು, ಮತ್ತೆ ತಳ್ಳಿದರು. ಕೊನೆಗೆ ಗಂಗಾಂಬಿಕೆಯವರು ತೊಟ್ಟಿಲಿನಿಂದಿಳಿದು, ಚೀಲವನ್ನು ಪುಟ್ಟಮಾದುವಿನ ತಲೆಗೆ ಹೊರಿಸಿ, ಆ ಭಾರದ ಮೈಯಲ್ಲಿ ನಡೆದೇ ದಿಣ್ಣೆ ಹತ್ತಿದರು. ಮಲ್ಲಿಗಮ್ಮ ಉಳಿದಳು. ಕೂಸು ಉಳಿಯಲಿಲ್ಲ.

ಸಂಜೆ ನಾನು ಅವರ ಜಗಲಿಗೆ ಹೋದಾಗ ಶಾಂತಮಲ್ಲಪ್ಪನವರು ಕೋಟೂ ಬಿಚ್ಚದೆ ಕಂಬಕ್ಕೊರಗಿದ್ದರು. ಗಂಗಾಂಬಿಕೆಯವರು ಅಕ್ಕಿ ಆರಿಸುತ್ತಾ, ತಲೆಯೆತ್ತದೆ, “ನಿಮ್ಗೆ ಎಷ್ಟು ಕಿತ ಏಳದು. ಕರುಳ್ಬಳ್ಳಿ ಕತ್ತಿಗೆ ಸುತ್ಕಂಡಿತ್ತು. ನಾವು ಮನೆ ಬುಡಕೂ ಮುಂಚೇನೇ ಆ ಕೂಸು ಓಗಿತ್ತು. ನಿಮ್ ಗಾಡಿ ಆನೆಯಾಗಿದ್ರೂ ಅಷ್ಟೇಯ” ಎಂದರು. ಅವರು ಸುಳ್ಳು ಸಮಾಧಾನ ಹೇಳುವ ಹೆಂಗಸಲ್ಲ. ಆ ಮಾತು ನಿಜವೆಂದು ನನಗೂ ಗೊತ್ತಿತ್ತು, ಕೇಳಿಸಿಕೊಂಡ ಗಂಡನಿಗೂ ಗೊತ್ತಿತ್ತು.

“ಅದು ನಿನ್ ಲೆಕ್ಕ ಗಂಗಾ” ಎಂದರು ಶಾಂತಮಲ್ಲಪ್ಪ. “ನಾನು ಅಳ್ದದ್ದು ಕಮ್ಮಿ ಬಿತ್ತು. ಅದು ನನ್ ಲೆಕ್ಕ.”

ಮರುದಿನ ಪೇಟೆಗೆ ಹೋಗಲಿಲ್ಲ. ಅಂಗಳದಲ್ಲಿ ಗೋಣಿಚೀಲ ಹಾಸಿ ಇಂಜಿನನ್ನು ಬಿಚ್ಚಿ ಕುಳಿತರು. ಸಿಲಿಂಡರನ್ನು ಹೊರಗೆ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ತಳಕ್ಕೆ ಹಲಗೆ ಕೊಟ್ಟು ನಿಲ್ಲಿಸಿದರು. ಆಮೇಲೆ ಬಲಮೊಣಕಾಲೂರಿ, ರಾಶಿಯ ಮುಂದೆ ಕೂರುವ ಭಂಗಿಯಲ್ಲಿಯೇ ಕುಳಿತು, ಪಾವಿನಿಂದ ರಾಗಿಯನ್ನು ಅದರೊಳಗೆ ಸುರಿದರು. “ಲಾಭ” ಎಂದರು. ಮತ್ತೊಂದು ಪಾವು ಸುರಿದರು. “ಎರಡು.” ಸಿಲಿಂಡರು ಬಾಯಿಮಟ್ಟ ತುಂಬಿತ್ತು. ತಲೆಯೆತ್ತಿ ನನ್ನನ್ನು ನೋಡಿದ ಆ ನೋಟದಲ್ಲಿ ಮೋಸವನ್ನು ಹಿಡಿದ ಅಳತೆಗಾರನ ಕಾವು ಇತ್ತು. “ಅಚ್ಚೇರು ಹಿಡೀತದ ಮೇಷ್ಟ್ರೇ. ಇದ್ಕೆ ಲಾಭದ ಮೇಲೆ ಅರ್ಧ ಅಂತ ಯಾವನು ಬರ್ದವನು?” ಎಂದರು. ಎಲ್ಲಿ ತಪ್ಪಿದೆಯೆಂದು ನನಗೂ ಥಟ್ಟನೆ ಹೊಳೆಯಲಿಲ್ಲ. ನನ್ನ ಸೂತ್ರ ಒಂದು ಹೇಳುತ್ತಿತ್ತು, ಅವರ ರಾಗಿ ಇನ್ನೊಂದು ಹೇಳುತ್ತಿತ್ತು. ಸಿಲಿಂಡರನ್ನು ಟವಲಿನಲ್ಲಿ ಸುತ್ತಿಕೊಂಡು ಇಬ್ಬರೂ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆವು.

ಅಲ್ಲಿ ಮರಿಯಯ್ಯನೆಂಬ ಮೆಕ್ಯಾನಿಕ್ಕು. ಯುದ್ಧಕಾಲದಲ್ಲಿ ಸೈನ್ಯದ ಕಾರ್ಖಾನೆಯಲ್ಲಿ ದುಡಿದು ಬಂದು, ಲಾರಿ ನಿಲ್ಲುವ ಬಯಲಿನ ಅಂಚಿಗೆ ಒಂದು ತಗಡಿನ ಮಾಡು ಹಾಕಿಕೊಂಡಿದ್ದ. ಶಾಂತಮಲ್ಲಪ್ಪನವರ ಫಿರ್ಯಾದನ್ನು ಪೂರ್ತಿ ಕೇಳಿ, ಸಿಲಿಂಡರಿನ ಸಂದಿನಲ್ಲಿ ಉಳಿದಿದ್ದ ರಾಗಿಕಾಳನ್ನು ಉಗುರಿನಿಂದ ಬಿಡಿಸಿ ನೆಲಕ್ಕೆ ಹಾಕಿದ. “ನೀವು ಪಾತ್ರೆ ಅಳ್ದಿದ್ದೀರಿ ಶಾಂತಮಲ್ಲಪ್ನೋರೇ. ಪಿಸ್ಟನ್ನು ಮ್ಯಾಲಿಂದ ತಳದ ಗಂಟ ಓಗಕಿಲ್ಲ, ಅದು ಓಡಾಡೋ ಜಾಗ ಇಷ್ಟು. ಮಿಕ್ಕದ್ದು ಬರೀ ಒರಗಿ ನಿಲ್ಲಕ” ಎಂದು ಬೆರಳಿನಿಂದ ಗೆರೆ ಎಳೆದು ತೋರಿಸಿದ. ಶಾಂತಮಲ್ಲಪ್ಪನವರು ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಸೋತವರ ಮುಖದಲ್ಲಿ ಇರಬೇಕಾದ ಕಹಿ ಅಲ್ಲಿ ಇರಲಿಲ್ಲ. “ಸರಿ ಕಣ ಬುಡು. ತುಂಬಿದ್ದಲ್ಲ, ಸುರ್ದದ್ದು ಲೆಕ್ಕ” ಎಂದರು.

ಇನ್ನು ಬಲ ಹೆಚ್ಚಿಸುವ ದಾರಿ. ಮರಿಯಯ್ಯ ಎರಡು ಹೇಳಿದ. ಇದೇ ಸಿಲಿಂಡರಿನ ಒಳಮೈಯನ್ನು ಕೊರೆದು ಅಗಲ ಮಾಡಿ ದಪ್ಪನೆಯ ಪಿಸ್ಟನ್ನು ಕೂರಿಸುವುದು ಒಂದು; ಕೂದಲೆಳೆಯಷ್ಟು ಕೊರೆಯಬಹುದು, ಹೆಚ್ಚಿಗೆ ಕೊರೆದರೆ ಗೋಡೆ ತೆಳ್ಳಗಾಗಿ ಕಾವು ತಡೆಯದು. ಇಲ್ಲವೇ, ಇದೇ ಗಾಡಿಯ ಅಣ್ಣನಂಥ ಐನೂರು ಸೀಸಿಯದೊಂದು, ಎಂದರೆ ಸರಿಯಾಗಿ ಎರಡು ಪಾವಿನ ಅಚ್ಚೇರಿನದು, ಇರುತ್ತದೆ. ಪಿಸ್ಟನ್ನು ಇಳಿಯುವ ಆಳ ಎರಡಕ್ಕೂ ಒಂದೇ, ಅಗಲ ಮಾತ್ರ ಬೇರೆ. ಅದರ ಸಿಲಿಂಡರು ಸಿಕ್ಕುವವರೆಗೆ ಕಾದು, ಇಂಜಿನಿನ ಬುಡದ ಬಾಯಿಯನ್ನು ಹಿಗ್ಗಿಸಿ ಅದನ್ನೇ ಕೂರಿಸುವುದು. “ಕಾಯಿರಿ” ಎಂಬುದು ಅವನ ಸಲಹೆ. ಶಾಂತಮಲ್ಲಪ್ಪನವರು ಕಾಯಲಿಲ್ಲ. ಅವರ ವೃತ್ತಿಧರ್ಮವೇ ಅವರಿಗೆ ಅಡ್ಡ ಬಂತು. ಅಳತೆ ಕಮ್ಮಿ ಬಿದ್ದರೆ ಅಳತೆಗಾರ ಪಾವನ್ನು ಎಸೆಯುವುದಿಲ್ಲ, ಕೊಸರು ಹಾಕಿ ಸರಿದೂಗಿಸುತ್ತಾನೆ. ಮರಿಯಯ್ಯ ಕೂದಲೆಳೆ ಎಂದದ್ದನ್ನು, ಮೈಸೂರಿನಲ್ಲಿ ಕಬ್ಬಿಣ ಕೊರೆಯುವ ಯಾವನೋ ಲೇತಿನವನ ಹತ್ತಿರ ಹೋಗಿ, ಅದರ ಮೇಲೊಂದು ಕೊಸರು, ಆ ಕೊಸರಿನ ಮೇಲೆ ಇನ್ನೊಂದು ಕೊಸರು ಎಂದು ಕೊರೆಸಿಕೊಂಡು ಬಂದರು.

ಮೊದಮೊದಲು ಗಾಡಿ ನಿಜವಾಗಿಯೂ ಹುರುಪಿನಿಂದ ಓಡಿತು. ಗಂಗಾಂಬಿಕೆಯವರು ಮಾತ್ರ ಅದರ ಸದ್ದು ಕೇಳಿ, “ಇದು ಮೂಗಿನಾಗ ಉಸಿರು ಬುಡ್ತದ, ಒಟ್ಟೇಲಿ ಬುಡ್ತಾ ಇಲ್ಲ” ಎಂದಿದ್ದರು. ಉಸಿರಾಟದ ವಿಷಯದಲ್ಲಿ ಅವರ ಮಾತನ್ನು ತೆಗೆದುಹಾಕಬಾರದಿತ್ತು. ಬೇಸಿಗೆಯ ಒಂದು ಭಾನುವಾರ ಮರಿಯಯ್ಯನಿಗೆ ಗಾಡಿಯನ್ನು ತೋರಿಸಿ ಹೆಚ್ಚಳಪಡಬೇಕೆಂದು ಹೊರಟರು, ತೊಟ್ಟಿಲಲ್ಲಿ ನಾನು. ತೆರಕಣಾಂಬಿಗೆ ಮುಂಚಿನ ಏರಿನಲ್ಲಿ ಸುಟ್ಟ ಕಬ್ಬಿಣದ ವಾಸನೆ ಬಂತು. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು, ಹಿಂದಿನ ಚಕ್ರ ನಿಂತಲ್ಲೇ ನಿಂತು, ಗಾಡಿ ಅಡ್ಡ ತಿರುಗಿತು. ಅವರು ರಸ್ತೆಯ ಪಕ್ಕದ ಉತ್ತ ಹೊಲಕ್ಕೆ ಹಾರಿ ಬಿದ್ದರು. ನಾನು ತೊಟ್ಟಿಲಲ್ಲೇ ಕುಳಿತ ಭಂಗಿಯಲ್ಲಿ ಉಳಿದುಕೊಂಡೆ. ಗಾಯವೇನೂ ಆಗಿರಲಿಲ್ಲ. ಎದ್ದು ಬಂದವರು ಕೋಟಿನ ಮಣ್ಣು ಕೊಡವುತ್ತಾ ಬಿಸಿ ಇಂಜಿನಿನ ಮುಂದೆ ಮೊಣಕಾಲೂರಿದರು. “ಇವತ್ತು ನೀವಿದ್ರಿ ಮೇಷ್ಟ್ರೇ. ಅವಳು ಆ ಚೀಲ ಇಟ್ಕಂಡು ಕೂತಿದ್ದಿದ್ರೆ?” ಎಂದರು. ನನ್ನ ಜೀವಕ್ಕೆ ಅವರು ಕಟ್ಟಿದ ಬೆಲೆಯನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಎತ್ತಿನ ಗಾಡಿಯ ಹಿಂದೆ ಕಟ್ಟಿಸಿಕೊಂಡು ಮೋಟಾರು ಸೈಕಲ್ಲು ಮರಿಯಯ್ಯನ ಮಾಡನ್ನು ಸೇರಿತು. ಅವನು ‘ಹೇಳಿರಲಿಲ್ಲವೇ’ ಎನ್ನಲಿಲ್ಲ. ಸಿಲಿಂಡರನ್ನು ಬಿಚ್ಚಿ, ಉದ್ದಕ್ಕೆ ಬಿಟ್ಟಿದ್ದ ಸೀಳನ್ನು ತೋರಿಸಿ, “ಕೊಸ್ರು ರಾಗಿಗೆ ಸರಿ. ಕಬ್ಬಿಣಕ್ಕಲ್ಲ. ನೀವು ಇದರ ಗೋಡೆಯಿಂದ್ಲೇ ಕದ್ದು ಇದ್ಕೇ ಕೊಸ್ರು ಕೊಟ್ರಿ” ಎಂದ. ಕದ್ದು ಎಂಬ ಮಾತು ಶಾಂತಮಲ್ಲಪ್ಪನವರಿಗೆ ನಾಟಿತು. ಆಯುಷ್ಯದಲ್ಲಿ ಯಾರೂ ಅವರ ಮುಂದೆ ಆಡದಿದ್ದ ಮಾತು ಅದು.

ಐನೂರರ ಸಿಲಿಂಡರು ಸಿಕ್ಕಲು ಮುಂಗಾರು ಕಳೆಯಿತು. ಬುಡದ ಬಾಯಿ ಹಿಗ್ಗಿಸಿದ್ದಾಯಿತು, ಕ್ಲಚ್ಚಿಗೆ ಬಿಗಿಯಾದ ಸ್ಪ್ರಿಂಗು ಬಂತು. ನಮ್ಮಲ್ಲಿ ಸಿಕ್ಕುತ್ತಿದ್ದ ಪೆಟ್ರೋಲು ಕಳಪೆ ದರ್ಜೆಯದು, ಹೊಟ್ಟೆ ದೊಡ್ಡದಾದ ಮೇಲೆ ಅದನ್ನು ಹಿಂಡಿ ಹೆಚ್ಚು ಒತ್ತಬಾರದು ಎಂದು ಸಿಲಿಂಡರಿನ ಕೆಳಗೆ ಒಂದು ತಗಡಿನ ಬಿಲ್ಲೆ ಕೊಟ್ಟು ಎತ್ತರಿಸಿದ್ದೂ ಆಯಿತು. ಎಲ್ಲ ಮುಗಿದು, ದುಡ್ಡೂ ಸಂದು, ನಮಸ್ಕಾರ ಹೇಳಿ ಬಯಲಿನ ಅಂಚಿನವರೆಗೆ ಹೋದ ಶಾಂತಮಲ್ಲಪ್ಪನವರು ನಿರೀಕ್ಷೆಯಂತೆಯೇ ಹಿಂದಿರುಗಿದರು. ಕೊಸರು ಮಾತು ಹೇಳಲಿಕ್ಕಲ್ಲ, ಕೇಳಲಿಕ್ಕೆ. “ಅಚ್ಚೇರು ಆಯ್ತು. ಅದ್ರ ಮ್ಯಾಲೆ ಏನೂ ಇಲ್ವಾ ಮರಿಯಯ್ಯ? ಆ ದಿಣ್ಣೆ ನೀನು ನೋಡ್ನಿಲ್ಲ” ಎಂದರು. ಅವರ ದನಿಯಲ್ಲಿ ಬೇಡಿಕೆಯಿತ್ತು. ಮರಿಯಯ್ಯ ಸ್ವಲ್ಪ ಯೋಚಿಸಿ, ಒಳಗೆ ಹೋಗಿ, ಚೈನು ಓಡುವ ಸಣ್ಣ ಚಕ್ರವೊಂದನ್ನು ತಂದ. ಗಾಡಿಯಲ್ಲಿದ್ದುದಕ್ಕಿಂತ ಅದಕ್ಕೆ ಒಂದು ಹಲ್ಲು ಕಡಿಮೆ. ಅದನ್ನು ಹಾಕಿದರೆ ಬಯಲಿನಲ್ಲಿ ಓಟ ತಗ್ಗುತ್ತದೆ, ಏರಿನಲ್ಲಿ ಎಳೆತ ಹೆಚ್ಚುತ್ತದೆ. “ತಕ್ಕಳಿ. ಇದು ಕಮ್ಮಿ ಮಾಡಿ ಕೊಡೋ ಕೊಸ್ರು” ಎಂದ. ಜೀವಮಾನವೆಲ್ಲ ಹೆಚ್ಚಿಗೆ ಹಾಕುವುದನ್ನೇ ಕೊಸರೆಂದು ತಿಳಿದಿದ್ದ ಮನುಷ್ಯ ಆ ಚಕ್ರವನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ದಾರಿಯುದ್ದಕ್ಕೂ ಅವರಿಗೆ ತಮ್ಮಷ್ಟಕ್ಕೆ ನಗು ಬರುತ್ತಿತ್ತು.

ಅಂದಿನಿಂದ ಅದು ಅಚ್ಚೇರು ಗಾಡಿ, ಅವರು ಅಚ್ಚೇರು ಶಾಂತಮಲ್ಲಪ್ಪ. ಮೊದಲಿನ ಗಾಡಿ ಗಡಗಡನೆ ಅವಸರಪಡುತ್ತಿತ್ತು. ಇದು ಒನಕೆ ಕುಟ್ಟಿದಂತೆ ಬಿಟ್ಟು ಬಿಟ್ಟು ಸದ್ದು ಮಾಡುತ್ತಿತ್ತು. ಅದೇ ದಿನಗಳಲ್ಲಿ ಮಲ್ಲಿಗಮ್ಮ ಮತ್ತೆ ಬಸುರಿಯಾಗಿರುವ ಸುದ್ದಿ ಬಂತು. ಗಂಗಾಂಬಿಕೆಯವರು ಹೋಗಿ ನೋಡಿ ಬಂದು, ಹೊಟ್ಟೆ ದಿನಕ್ಕೆ ಮೀರಿ ದೊಡ್ಡದಿದೆ ಎಂದರು. ಎರಡಿರಬಹುದೇ ಎಂದು ಗಂಡ ಕೇಳಿದ್ದಕ್ಕೆ, “ಪಾತ್ರೆ ನೋಡಿ ಅಳ್ತೆ ಏಳ್ಬೇಡಿ, ನಿಮ್ಗಿನ್ನೂ ಬುದ್ಧಿ ಬರ್ನಿಲ್ವಾ” ಎಂದು ಬಾಯಿ ಮುಚ್ಚಿಸಿದರು. ಹೆರಿಗೆಗೆ ವಾರ ಮುಂಚೆಯೇ ಏರಿನಹುಂಡಿಗೆ ಹೋಗಿ ಉಳಿಯುವುದೆಂದು ನಿಶ್ಚಯವಾಗಿತ್ತು.

ಆದರೆ ಪುಟ್ಟಮಾದು ಅದಕ್ಕೂ ಬಹಳ ಮುಂಚೆ, ಸಂತೆಯ ದಿನ, ಬಿಸಿಲೇರುವ ಹೊತ್ತಿಗೆ ಬಂದ. ಪೇಟೆಯಲ್ಲಿ ಜೋಳದ ರಾಶಿ ಬಿದ್ದಿತ್ತು. ಶಾಂತಮಲ್ಲಪ್ಪನವರ ಎಣಿಕೆ ಅರ್ಧದಲ್ಲಿತ್ತು. “ಬುದ್ಧಿ, ಮಲ್ಲಿಗಿಗೆ ನೋವು ಕಾಣುಸ್ಕಂಡದ. ದಿನ ತುಂಬಿಲ್ಲ” ಎಂದ ಪುಟ್ಟಮಾದು. ರಾಶಿಯ ಎಣಿಕೆಯನ್ನು ನಡುವೆ ಬಿಟ್ಟು ಏಳಬಾರದೆಂಬುದು ಅಳತೆಗಾರರ ಕಟ್ಟು. ಅವರು ಸೇರನ್ನು ಜೋಳದ ಮೇಲೆ ಬೋರಲು ಹಾಕಿ ಎದ್ದರು. ಆಸ್ಪತ್ರೆಯ ಬಾಗಿಲಲ್ಲಿ ಗಂಗಾಂಬಿಕೆಯವರನ್ನು ತೊಟ್ಟಿಲಿಗೆ ಕೂರಿಸಿಕೊಂಡರು, ಅವರ ಕಾಲ ಬಳಿ ಪುಟ್ಟಮಾದುವನ್ನು. ಶಾಲೆಗೆ ರಜವಿದ್ದ ನಾನು ಅಲ್ಲೇ ನಿಂತಿದ್ದೆ. “ನೀವೂ ನನ್ ಬೆನ್ನಿಂದೆ ಕೂತ್ಕಳಿ ಮೇಷ್ಟ್ರೇ. ತಳ್ಳಕ ಬೇಕಾದ್ರೆ” ಎಂದರು. ಅಷ್ಟೆಲ್ಲ ಮಾಡಿಯೂ ಅವರಿಗೆ ಧೈರ್ಯವಿರಲಿಲ್ಲ.

ಹಂಗಳದವರೆಗೆ ಗಾಡಿ ಮೊದಲಿನಷ್ಟು ಜೋರಾಗಿ ಹೋಗುತ್ತಿರಲಿಲ್ಲ. ಆ ಒಂದು ಹಲ್ಲಿನ ಮಂದಗತಿ ನನಗೆ ಹಿಂಸೆಯಾಗುತ್ತಿತ್ತು. ನೊಗಮುರಿ ದಿಣ್ಣೆಯ ಬುಡದಲ್ಲಿ ಅವರು ಗೇರು ಇಳಿಸಿದರು. ಹಿಂದಿನ ಸಲ ನಿಂತಿದ್ದ ಜಾಗ ಅವರ ಬೆನ್ನು ಬಿಗಿದುಕೊಂಡದ್ದರಿಂದಲೇ ನನಗೆ ತಿಳಿಯಿತು. ಇಂಜಿನು ಒಂದೊಂದೇ ಪೆಟ್ಟನ್ನು ಊರಿ ಊರಿ ಹಾಕುತ್ತಾ, ಮಣ್ಣನ್ನು ಹಿಂದಕ್ಕೆ ಒದೆಯುತ್ತಾ, ನಾಲ್ವರನ್ನೂ ತೊಟ್ಟಿಲನ್ನೂ ಎಳೆದುಕೊಂಡು ಆ ಜಾಗವನ್ನು ದಾಟಿತು. ದಿಣ್ಣೆಯ ತಲೆಯನ್ನೂ ಮುಟ್ಟಿತು. ನಾನು ತಳ್ಳುವ ಪ್ರಸಂಗ ಬರಲಿಲ್ಲ.

ಗುಡಿಸಲಿನ ಮುಂದಿನ ಹೊಂಗೆಮರದಡಿ ನಾವು ಕುಳಿತೆವು. ಮಲ್ಲಿಗಮ್ಮನ ಅತ್ತೆ ದೊಡ್ಡಮಾದಮ್ಮ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದವಳು ನಮ್ಮ ಮುಂದೆ ಹಾದುಹೋಗುವಾಗ ನಿಂತಳು. ಹಿಂದಿನ ಸಲವೂ ನಿಂತಿದ್ದಳಂತೆ, ಬಾಯಿ ಬಿಟ್ಟಿರಲಿಲ್ಲವಂತೆ. “ನಮ್ ನೀರು ಆದದಾ ಬುದ್ಧಿ?” ಎಂದಳು. ಆ ಕೇರಿಯ ನೀರನ್ನು ಪೇಟೆಯವರು ಕುಡಿಯದ ಕಾಲ ಅದು. ಶಾಂತಮಲ್ಲಪ್ಪನವರು ಬಾಗಿಲಿನಿಂದ ಕಣ್ಣು ಕೀಳದೆ “ಕೊಡವ್ವ” ಎಂದರು. ಲೋಟವಿಲ್ಲದ ಮನೆ, ಅವಳು ಧಾನ್ಯ ಅಳೆಯುವ ಪಾವಿನಲ್ಲಿಯೇ ನೀರು ತಂದುಕೊಟ್ಟಳು. ಅವರು ಒಂದೇ ಗುಟುಕಿಗೆ ಕುಡಿದು, ಖಾಲಿ ಪಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕುಳಿತರು. ಒಳಗಿನಿಂದ ನರಳುವ ದನಿ ಏರಿತು, ಇಳಿಯಿತು, ಮತ್ತೆ ಏರಿತು. ಆಮೇಲೆ ಒಂದು ಸಣ್ಣ ಅಳು.

ಗಂಗಾಂಬಿಕೆಯವರ ತಲೆ ಬಾಗಿಲಲ್ಲಿ ಕಾಣಿಸಿತು. ಕೂದಲು ಹಣೆಗಂಟಿತ್ತು. ಗಂಡನ ಎಣಿಕೆಯನ್ನು ಮದುವೆಯಾದಂದಿನಿಂದ ಗೇಲಿ ಮಾಡುತ್ತಾ ಬಂದಿದ್ದ ಆ ಹೆಂಗಸು, ಗಂಡನ ಮುಖವನ್ನೇ ನೋಡಿ, “ಲಾಭ” ಎಂದು ಹೇಳಿ ಒಳಗೆ ಹೋದರು.

ಶಾಂತಮಲ್ಲಪ್ಪನವರು ಏಳಲಿಲ್ಲ. ಒಳಗೆ ಅವಸರದ ಮಾತು, ಬಿಸಿನೀರಿಗೆ ಕೂಗು. ದೊಡ್ಡಮಾದಮ್ಮ ಎರಡು ಸಲ ನೀರು ಹೊತ್ತು ಒಳಗೆ ಹೋದಳು. ಕೊನೆಗೆ ಎರಡನೆಯ ಅಳು ಬಂತು, ಬೆಕ್ಕಿನಮರಿಯದರಂತೆ ತೆಳ್ಳಗೆ. ಗಂಗಾಂಬಿಕೆಯವರು ಈ ಸಲ ಹೊರಗೆ ಬಂದು ಗೋಡೆಗೊರಗಿ ನಿಂತರು. “ಅಡ್ಡ ಮಲಗಿತ್ತು, ತಿರುಗ್ಸಿದೆ. ಇನ್ನು ಗಳಿಗೆ ತಡವಾಗಿದ್ರೆ ಇದು ದಕ್ತಿರ್ನಿಲ್ಲ” ಎಂದರು. ಸ್ವಲ್ಪ ಸುಧಾರಿಸಿಕೊಂಡು, ಸೆರಗಿನಿಂದ ಮುಖ ಒರೆಸಿ, “ತಕ್ಕಳಿ, ಕೊಸ್ರೂ ಬಂತು” ಎಂದರು.

ಶಾಂತಮಲ್ಲಪ್ಪನವರು ಅತ್ತರು. ಕರಿಯ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡದ್ದರಿಂದ ರೆಪ್ಪೆಗಳಿಗೆ ಜೋಳದ ಹೊಟ್ಟು ಹತ್ತಿ ಮತ್ತಷ್ಟು ನೀರು ಬಂತು. ಎರಡನೆಯ ಮಗುವಿಗೆ ಚಾಮುಂಡಿ ಎಂದು ಹೆಸರಿಟ್ಟರೂ ಕೇರಿಯಲ್ಲಿ ಅವಳು ಕೊಸ್ರವ್ವನಾಗಿಯೇ ಬೆಳೆದಳು.

ಕೆಲವು ವರ್ಷಗಳಲ್ಲಿ ಪೇಟೆಗೆ ಲೀಟರು ಬಂತು, ಕಿಲೋ ಬಂತು. ಸೇರು ಪಾವುಗಳು ಅಟ್ಟ ಸೇರಿದವು. ಆಮೇಲೆಯೂ ತೊಟ್ಟಿಲಿನ ಗಾಡಿ ಆ ದಿಣ್ಣೆ ಹತ್ತುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ತಾಲ್ಲೂಕಿನಲ್ಲಿ ಬಳಕೆಯಲ್ಲಿ ಉಳಿದ ಕೊನೆಯ ಅಚ್ಚೇರು ಅದೇ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಲೋಕದಲ್ಲಿ ನಷ್ಟವಾದಾಗ ತನ್ನ ಪಾಲಿನ ತಪ್ಪಿಲ್ಲವೆಂದು ಲೆಕ್ಕ ತೋರಿಸಿ ನೆಮ್ಮದಿಯಾಗಿ ಮಲಗುವವರು ಬಹಳ. ಅವರ ಲೆಕ್ಕ ಬಹುಪಾಲು ಸರಿಯೇ ಇರುತ್ತದೆ. ತಪ್ಪಿಲ್ಲದಿದ್ದರೂ ತನ್ನ ಅಳತೆಯೇ ಕಮ್ಮಿ ಬಿತ್ತೆಂದು ಕೊರಗಿ, ಮರುದಿನ ಅಂಗಳದಲ್ಲಿ ಗೋಣಿ ಹಾಸಿಕೊಂಡು ಕೂರುವವರು ಎಲ್ಲೋ ಕೆಲವರು. ಅವರ ಲೆಕ್ಕ ತಪ್ಪು. ಆ ತಪ್ಪು ಲೆಕ್ಕದ ದೆಸೆಯಿಂದಲೇ ಒಂದು ವರ್ಷ ಕಳೆದ ಮೇಲೆ ಯಾವುದೋ ಕೇರಿಯಲ್ಲಿ, ಸರಿಯಾದ ಗಳಿಗೆಗೆ, ಒಂದು ಗಾಡಿ ಬಂದು ನಿಲ್ಲುತ್ತದೆ. ಅಂಥವರ ಕೈಯಿಂದ ಅಳೆಸಿಕೊಂಡ ಊರಿಗೆ ಮೊದಲನೆಯದು ಲಾಭ, ಮಿಕ್ಕದ್ದೆಲ್ಲ ಕೊಸರು.